ಎಲ್ಲದಕ್ಕೂ ‘ಹೂಂ’ ಅನ್ನುವವನ ಅಕ್ಕ

“ನನ್ನ ತಮ್ಮನ ಕೈ ಬಿಡಿ ಮೊದಲು!”

ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಆ ಕಮ್ಯುನಿಟಿ ಹಾಲಿನಲ್ಲಿ ಶನಿವಾರ ಬೆಳಿಗ್ಗೆ ಅಷ್ಟು ಜೋರಾದ ದನಿಯನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ಶ್ರಿಯಾ ನಿಂತಿದ್ದಳು. ತಮ್ಮನನ್ನು ಇಲ್ಲಿಂದ ಕರೆದುಕೊಂಡು ಬಾ ಎಂದಷ್ಟೇ ಅಮ್ಮ ಹೇಳಿ ಕಳಿಸಿದ್ದಳು; ಕಾರಿನ ಕೀ ಇನ್ನೂ ಕೈಯಲ್ಲೇ ಇತ್ತು. ಎದುರಿಗೆ, ನೆಲದ ಮೇಲೆ ಹಾಸಿದ ಮ್ಯಾಟ್ ಮೇಲೆ, ಅವಳ ತಮ್ಮ ಸುಬ್ಬು ಅಂಗಾತ ಮಲಗಿದ್ದ. ಅವನ ಮುಖ ಕೆಂಪಾಗಿತ್ತು, ಹಣೆಯ ತುಂಬ ಬೆವರು. ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದ ಒಬ್ಬ ಅಪರಿಚಿತ ಅವನ ನಾಡಿ ಹಿಡಿದು ವಾಚ್ ನೋಡುತ್ತಿದ್ದ.

ಅಕ್ಕನ ಕೂಗಿಗೆ ಸುಬ್ಬು ಎರಡೂ ಕಿವಿ ಮುಚ್ಚಿಕೊಂಡು ಮುದುಡಿಬಿಟ್ಟ.

“ಸ್ವಲ್ಪ ದನಿ ತಗ್ಗಿಸ್ರೀ...” ಎಂದ ಆ ಅಪರಿಚಿತ, ತಲೆಯೆತ್ತದೆಯೇ. “ಜೋರು ಸಪ್ಪಳ ಆದ್ರ ಅವನ ಕಿವಿಗೆ ತ್ರಾಸ ಆಗ್ತೈತಿ.”

ನನ್ನ ತಮ್ಮನ ಕಿವಿಯ ಬಗ್ಗೆ ನನಗೇ ಪಾಠ ಹೇಳ್ತಾನೆ! ಶ್ರಿಯಾಳ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ನಿಜವೆನ್ನುವುದು ಉರಿಗೆ ಇನ್ನಷ್ಟು ತುಪ್ಪ ಸುರಿಯಿತು.

“ಏನಾಯ್ತು ಇವನಿಗೆ? ಯಾಕೆ ಮಲಗಿಸಿದ್ದೀರಿ? ನೈನ್ ಒನ್ ಒನ್‌ಗೆ ಕಾಲ್ ಮಾಡಿದ್ರಾ?”

“ಏನೂ ಆಗಿಲ್ರೀ. ಕ್ಲಾಸ್ ಮುಗೀತು. ಮಲಗಿ ಉಸಿರು ನಿಧಾನ ಮಾಡ್ಕೊಳ್ಳಿಕ್ಕತ್ತಾನ. ಅಲ್ಲಿ ನೋಡ್ರಿ, ಎಲ್ಲಾರೂ ಮಲಗ್ಯಾರ.”

ನಿಜ, ಇನ್ನೂ ಐದಾರು ಜನ ಮ್ಯಾಟ್‌ಗಳ ಮೇಲೆ ಮಲಗಿದ್ದರು. ಶ್ರಿಯಾಗೆ ಅವರು ಕಂಡಿರಲೇ ಇಲ್ಲ. ಅವಳ ಕಣ್ಣಿಗೆ ಸುಬ್ಬು ಬಿಟ್ಟು ಬೇರೆ ಯಾರೂ ಕಾಣುವುದು ಕಡಿಮೆ.

ಅಷ್ಟರಲ್ಲಿ ಸುಬ್ಬು ಎದ್ದು ಕುಳಿತು, ಮುಖ ತುಂಬ ನಗುತ್ತ ಹೇಳಿದ: “ಅಕ್ಕಾ! ಇವ್ರು ತಿಪ್ಪಣ್ಣ! ಮೈ ಬೆಸ್ಟ್ ಫ್ರೆಂಡ್!”

ಹೌದು ಓದುಗರೇ, ನಮ್ಮ ನಾಯಕನ ಹೆಸರು ತಿಪ್ಪಣ್ಣ. ಪ್ರೇಮಕಥೆಯ ನಾಯಕನಿಗೆ ಯಾರೂ ಇಡದ ಹೆಸರು! ಗದಗದ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟರು, ಅವನು ಅದನ್ನು ಹಾಗೇ ಹೊತ್ತುಕೊಂಡು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಓದಿ, ನ್ಯೂಜೆರ್ಸಿಗೆ ಬಂದು ಇನ್ನೂ ಓದಿ, ಈಗ ಒಂದು ಥೆರಪಿ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದ. ಅಮೆರಿಕನ್ನರು ಅವನನ್ನು ‘ಟಿಪ್’ ಎನ್ನುತ್ತಿದ್ದರು. ಶ್ರಿಯಾ ಆ ಕ್ಷಣಕ್ಕೆ ಅವನನ್ನು ಮನಸ್ಸಿನಲ್ಲೇ ಏನೆಂದಳೋ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವಳು ತಮ್ಮನ ಕೈ ಹಿಡಿದು ಹೊರಟಳು. ಬಾಗಿಲ ಬಳಿ ನಿಂತು ಒಮ್ಮೆ ತಿರುಗಿ ನೋಡಿದಳು. ಅವನೂ ನೋಡುತ್ತಿದ್ದ. ಸಿಟ್ಟಿಲ್ಲ, ಬೇಜಾರಿಲ್ಲ, ಶಾಂತವಾದ ಕಣ್ಣುಗಳು.

*ಇಷ್ಟು ಶಾಂತವಾಗಿರೋ ಗಂಡಸನ್ನ ನಂಬಬಾರದು...* ಅಂದುಕೊಂಡಳು.

*

ಮಾನ್ಮತ್ ಜಂಕ್ಷನ್ನಿನ ತಮ್ಮ ಮನೆಗೆ ಬಂದ ಕೂಡಲೇ ಅಮ್ಮನ ಮೇಲೆ ಎಗರಿದಳು.

“ಅಮ್ಮಾ, ನನ್ನನ್ನ ಒಂದು ಮಾತು ಕೇಳದೆ ಅವನನ್ನ ಎಕ್ಸರ್‌ಸೈಜ್ ಕ್ಲಾಸಿಗೆ ಸೇರಿಸಿದ್ದೀಯಾ? ಅವನ ಹಾರ್ಟ್ ಕಂಡೀಷನ್ ಗೊತ್ತಿದ್ದೂ?”

ಅಮ್ಮ ಕಲಾ ಚಪಾತಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ನಿನ್ನ ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ. ಡಾಕ್ಟ್ರು ಏನಂದ್ರು, ಮರೆತ್ಯಾ?”

ಮರೆತಿರಲಿಲ್ಲ. ಸುಬ್ಬುಗೆ ವಿಲಿಯಮ್ಸ್ ಸಿಂಡ್ರೋಮ್. ಹುಟ್ಟುವಾಗಲೇ ಒಂದು ಕ್ರೋಮೋಸೋಮಿನಲ್ಲಿ ಪುಟ್ಟದೊಂದು ತುಣುಕು ಇಲ್ಲ. ಅಷ್ಟಕ್ಕೇ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಕಿರಿದು, ಕಲಿಯುವುದು ನಿಧಾನ, ಶಬ್ದ ಅಂದರೆ ಭಯ, ಮೆಟ್ಟಿಲ ಆಳ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಇತ್ತೀಚೆಗೆ ಬಿ.ಪಿ. ಏರುತ್ತಿತ್ತು. “ಇವನು ಸುಮ್ಮನೆ ಕೂತಿರುವುದೇ ಅಪಾಯ” ಎಂದಿದ್ದರು ಹೃದಯದ ಡಾಕ್ಟರು. ನಡೆಯಲಿ, ಕುಣಿಯಲಿ, ಈಜಲಿ. ಆದರೆ ಉಸಿರು ಬಿಗಿಹಿಡಿದು ಭಾರ ಎತ್ತಬಾರದು, ಮೈಮೀರಿ ದಣಿಯಬಾರದು, ಗೊತ್ತಿರುವವರು ಪಕ್ಕದಲ್ಲಿರಬೇಕು.

ಆ ಸಿಂಡ್ರೋಮ್ ಇನ್ನೂ ಒಂದು ಕೊಟ್ಟಿತ್ತು. ಸುಬ್ಬುಗೆ ಅನುಮಾನ ಅನ್ನುವುದೇ ಗೊತ್ತಿರಲಿಲ್ಲ! ಪೋಸ್ಟ್‌ಮ್ಯಾನ್, ಪಟೇಲ್ ಅಂಗಡಿಯ ಕ್ಯಾಷಿಯರ್, ಪಾರ್ಕಿಂಗ್ ಲಾಟಿನಲ್ಲಿ ಸಿಗರೇಟು ಸೇದುತ್ತ ನಿಂತ ಯಾರೋ, ಎಲ್ಲರೂ ಬೆಸ್ಟ್ ಫ್ರೆಂಡ್. ಎಲ್ಲರಿಗೂ ಒಂದು ಅಪ್ಪುಗೆ. ಇಪ್ಪತ್ನಾಲ್ಕು ವರ್ಷದ ಗಂಡುಮಗ ಹಾಗೆ ತೋಳು ಚಾಚಿ ಬಂದರೆ ಈ ದೇಶದಲ್ಲಿ ಎಲ್ಲರೂ ನಗುವುದಿಲ್ಲ.

ಆದ್ದರಿಂದ ಶ್ರಿಯಾ ಇಬ್ಬರ ಪಾಲಿನ ಅನುಮಾನವನ್ನೂ ತಾನೇ ಪಡುತ್ತಿದ್ದಳು. ಅವಳ ಕೆಲಸವೂ ಅದೇ. ಫಾರ್ಮಾ ಕಂಪನಿಯಲ್ಲಿ ಔಷಧಿಗಳ ಅಡ್ಡಪರಿಣಾಮದ ದೂರುಗಳನ್ನು ಪರಿಶೀಲಿಸುವುದು. ಯಾವ ಮಾತ್ರೆಯನ್ನೂ ಅವಳು ಹಾಗೇ ನಂಬುವವಳಲ್ಲ.

ಒಬ್ಬನನ್ನು ನಂಬಿದ್ದಳು... ಮಯಾಂಕ್! ಎಡಿಸನ್‌ನವನು, ಮಾತಿನ ಮಲ್ಲ. “ನಿನಗಿಂತ ಸುಬ್ಬುನೇ ನಂಗಿಷ್ಟ” ಎನ್ನುತ್ತ ಹತ್ತಿರ ಬಂದಿದ್ದ. ಮದುವೆಯ ಮಾತೂ ಆಗಿತ್ತು. ಒಂದು ದಿನ ಆಫೀಸಿನ ಗೆಳತಿ ಒಂದು ವಿಡಿಯೋ ತೋರಿಸಿದಳು. ಮಾಲಿನಲ್ಲಿ ಸುಬ್ಬು ಕಂಡಕಂಡವರನ್ನು ಅಪ್ಪಿಕೊಳ್ಳುತ್ತಿದ್ದಾನೆ, ಹಿಂದೆ ಯಾರದೋ ನಗು. ಆ ನಗು ಮಯಾಂಕ್‌ನದು. ಕೆಳಗೆ ನೂರಾರು ಜನರ ಗೇಲಿ.

ಅವತ್ತೇ ಸಂಬಂಧ ಮುರಿಯಿತು. ಸುಬ್ಬುವನ್ನು ಪ್ರೀತಿಸುವ ಯಾವ ಗಂಡಸಿಗೂ ಬೇರೆ ಏನೋ ಬೇಕಿರುತ್ತದೆ ಎಂದು ಅವಳು ತೀರ್ಮಾನಿಸಿದ್ದು ಅವತ್ತೇ.

ಈ ತಿಪ್ಪಣ್ಣನಿಗೆ ಏನು ಬೇಕು?

*

ಮುಂದಿನ ಶನಿವಾರದಿಂದ ಅವಳು ಹಾಲಿನ ಹಿಂದಿನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರತೊಡಗಿದಳು. ಕೆಲಸದ ನೆಪ. ಕಣ್ಣೆಲ್ಲ ಅವನ ಮೇಲೆ. ಪ್ರೀತಿಯಿಂದಲ್ಲ, ಪೊಲೀಸರು ನೋಡುವ ಹಾಗೆ!

ಅವನ ಕ್ರಮ ವಿಚಿತ್ರವಾಗಿತ್ತು. ಸೀಟಿ ಊದುತ್ತಿರಲಿಲ್ಲ. “ಕಮಾನ್, ಇನ್ನೊಂದು ಸಲ!” ಎಂದು ಹುರಿದುಂಬಿಸುತ್ತಿರಲಿಲ್ಲ. “ದಣಿವಾಯ್ತಾ?” ಎಂದು ಒಮ್ಮೆಯೂ ಕೇಳುತ್ತಿರಲಿಲ್ಲ. ಬದಲಿಗೆ ನಡೆಯುತ್ತ ನಡೆಯುತ್ತ ಎಲ್ಲರಿಂದ ಹಾಡಿಸುತ್ತಿದ್ದ.

ಸುಬ್ಬು ರೈಲು ಸ್ಟೇಷನ್‌ಗಳ ಹೆಸರುಗಳನ್ನೇ ರಾಗವಾಗಿ ಹಾಡುತ್ತಿದ್ದ. “ಮೆಟ್ರೊಪಾರ್ಕ್... ಮೆಟಚನ್... ಎಡಿಸನ್... ನ್ಯೂ ಬ್ರನ್ಸ್‌ವಿಕ್...” ಒಂದು ದಿನ ಜೆರ್ಸಿ ಅವೆನ್ಯೂ ಹೆಸರಿಗೆ ಬರುವಷ್ಟರಲ್ಲಿ ರಾಗ ತುಂಡಾಯಿತು. ಕೂಡಲೇ ತಿಪ್ಪಣ್ಣ ಕುರ್ಚಿ ಎಳೆದು ಅವನನ್ನು ಕೂರಿಸಿ, ನೀರಿನ ಬಾಟಲಿ ಕೈಗಿಟ್ಟ.

“ಐ ಆಮ್ ಫೈನ್!” ಎಂದ ಸುಬ್ಬು.

“ಗೊತ್ತೈತೋ. ನನಗ ಕಾಲು ನೋಯ್ಲಿಕ್ಕತ್ತಾವ, ನನ್ನ ಜೋಡಿ ಕುಂದ್ರು.”

ಕ್ಲಾಸಿನ ನಂತರ ಶ್ರಿಯಾ ಎದುರು ನಿಂತಳು. “ಅವನು ಫೈನ್ ಅಂದ್ನಲ್ಲ? ಮತ್ತೆ ಯಾಕೆ ಕೂರಿಸಿದ್ರಿ? ಇದೇನು ಎಕ್ಸರ್‌ಸೈಜ್ ಕ್ಲಾಸಾ, ಸಂಗೀತ ಕ್ಲಾಸಾ?”

ತಿಪ್ಪಣ್ಣ ಮ್ಯಾಟ್ ಸುತ್ತುತ್ತ ಹೇಳಿದ. “ಹಾಡ್ಲಿಕ್ಕೆ ಬಂದ್ರ ಆರಾಮ ಅದಾನಂತ ಅರ್ಥ. ಹಾಡ್ಲಿಕ್ಕೆ ಬರಂಗಿಲ್ಲ, ಮಾತಾಡ್ಲಿಕ್ಕೆ ಬರ್ತೈತಿ ಅಂದ್ರ ಎದಿ ಚಲೋ ಕೆಲಸ ಮಾಡ್ಲಿಕ್ಕತ್ತೈತಿ. ಮಾತೂ ಬರವಲ್ತು ಅಂದ್ರ ಜಾಸ್ತಿ ಆತು. ಸುಬ್ಬುಗ ಅಷ್ಟು ಬ್ಯಾಡ. ಅದಕ್ಕ ಅವನ ರಾಗ ಕೇಳ್ಕೋತ ನಡೀತೀನ್ರಿ.”

“ಕೇಳಿದ್ರೆ ಅವನೇ ಹೇಳ್ತಾನಲ್ಲ!”

ಅವನು ಏನೋ ಹೇಳಲು ಹೊರಟು, ಅವಳ ಮುಖ ನೋಡಿ ಸುಮ್ಮನಾದ. “ಇನ್ನೊಂದಿನ ಹೇಳ್ತೀನಿ” ಎಂದ ಅಷ್ಟೇ.

*ಏನೋ ಮುಚ್ಚಿಡ್ತಿದ್ದಾನೆ...*

ಆದರೂ ಮನಸ್ಸು ಅನ್ನುವುದು ಹೇಳಿದ ಮಾತು ಕೇಳುವ ಜಾತಿಯದಲ್ಲ. ದಿನ ಕಳೆದಂತೆ ಶ್ರಿಯಾ ಲ್ಯಾಪ್‌ಟಾಪ್ ತೆರೆಯುವುದನ್ನೇ ಬಿಟ್ಟಳು. ಸುಬ್ಬು ಅಪ್ಪಿಕೊಳ್ಳಲು ಬಂದರೆ ತಿಪ್ಪಣ್ಣ ಒಂದು ಹೆಜ್ಜೆ ಹಿಂದೆ ಸರಿದು ಕೈ ಚಾಚುತ್ತಿದ್ದ. “ಮೊದಲು ಶೇಕ್‌ಹ್ಯಾಂಡ್. ಹೊರಗ ಎಲ್ಲಾರ ಜೋಡಿ ಹಿಂಗಽ ಮಾಡ್ಬೇಕು.” ತಾನು ಗದರಿ ಗದರಿ ಕಲಿಸಲಾಗದ್ದನ್ನು ಅವನು ಆಟದ ಹಾಗೆ ಕಲಿಸುತ್ತಿದ್ದ. ಒಮ್ಮೆ ಕುರ್ಚಿ ಮಡಿಸುವಾಗ ಅವಳ ಬೆರಳಿಗೆ ಅವನ ಬೆರಳು ತಾಗಿತು. ಸಾರಿ ಎಂದ. ಅವಳು ಪರವಾಗಿಲ್ಲ ಎಂದಳು. ಆಮೇಲೆ ರೂಟ್ ಒನ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಆ ಬೆರಳನ್ನೇ ನೋಡುತ್ತ ಕುಳಿತಿದ್ದಾಗ ಹಿಂದಿನ ಕಾರಿನವನು ಹಾರ್ನ್ ಹೊಡೆದ.

*ಛೀ, ನನಗೇನಾಗಿದೆ? ಮಯಾಂಕ್ ಕೂಡ ಮೊದಮೊದಲು ಹೀಗೇ ಇದ್ದ!*

ತಿಪ್ಪಣ್ಣನ ಮೇಲಿನ ಅನುಮಾನ ಕಡಿಮೆಯಾದಷ್ಟೂ ತನ್ನ ಮೇಲಿನ ಅನುಮಾನ ಜಾಸ್ತಿಯಾಯಿತು.

*

ಒಂದು ಶನಿವಾರ ಆಫೀಸಿನ ತುರ್ತು ಕಾಲ್ ಬಂದು ಶ್ರಿಯಾಗೆ ಕ್ಲಾಸಿನಲ್ಲಿ ಕೂರಲಾಗಲಿಲ್ಲ. ಮುಗಿಯುವ ಹೊತ್ತಿಗೆ ಕರೆದೊಯ್ಯಲು ಬಂದಳು. ಹಾಲಿನ ಹೊರಗಿನ ಬೆಂಚಿನ ಮೇಲೆ ಸುಬ್ಬು ಕುಳಿತಿದ್ದ. ಎಂದಿಗಿಂತ ಸುಸ್ತಾಗಿದ್ದ. ಕಾರು ಹತ್ತಿದ ಮೇಲೆ ನೋಡಿದಳು, ಎರಡೂ ಅಂಗೈ ಕೆಂಪು ಕೆಂಪು!

“ಸುಬ್ಬೂ, ಏನಿದು? ಭಾರ ಎತ್ತಿಸಿದ್ರಾ?”

ಸುಬ್ಬು ಅಕ್ಕನ ಮುಖ ನೋಡಿದ. “ಹೂಂ.”

ಅವಳು ಅವನ ಅಂಗೈ ಹಿಡಿದು ನೋಡಿದಳು. “ತುಂಬಾ ಭಾರಾನಾ?”

“ಹೂಂ.”

“ಆಗಲ್ಲ ಅಂದ್ರೂ ಬಿಡ್ಲಿಲ್ವಾ? ಬೈದ್ರಾ?”

“ಹೂಂ...”

“ವಿಡಿಯೋ ಮಾಡಿದ್ರಾ? ಅಕ್ಕನಿಗೆ ಹೇಳ್ಬೇಡ ಅಂದ್ರಾ?”

“ಹೂಂ, ಅಕ್ಕಾ.”

ಶ್ರಿಯಾಳ ಕಣ್ಣಲ್ಲಿ ನೀರು. ಸುಬ್ಬುವಿಗಾಗಿ ಎಷ್ಟೋ, ತಾನು ಇನ್ನೊಮ್ಮೆ ಮೋಸಹೋದೆನೆಂಬ ನೋವಿಗೆ ಇನ್ನೆಷ್ಟೋ. ಪಾರ್ಕಿಂಗ್ ಲಾಟಿನಿಂದಲೇ ತಿಪ್ಪಣ್ಣನಿಗೆ ಫೋನ್ ಮಾಡಿದಳು.

“ನನ್ನ ತಮ್ಮನ ಹತ್ರ ವೇಟ್ಸ್ ಎತ್ತಿಸಿದ್ದೀರಿ! ಅವನ ಪ್ರಾಣಕ್ಕೇ ಅಪಾಯ ಅಂತ ಗೊತ್ತಿದ್ದೂ!”

“ಏನು? ಇಲ್ರೀ! ನಾ ಹಂಗ ಮಾಡೇ ಇಲ್ಲ...”

“ಅವನೇ ಹೇಳಿದ್ದಾನೆ!”

ಅವನು ಮೆಲ್ಲಗೆ ಕೇಳಿದ. “ಶ್ರಿಯಾ... ಅವಂಗ ಹ್ಯಾಂಗ ಕೇಳಿದ್ರಿ?”

“ಅಂದ್ರೆ? ನನ್ನ ತಮ್ಮ ಸುಳ್ಳು ಹೇಳ್ತಾನೆ ಅಂತೀರಾ? ಅವನಿಗೆ ಸುಳ್ಳು ಹೇಳೋಕೇ ಬರಲ್ಲ! ಸುಳ್ಳು ಬರೋದು ನಿಮ್ಮಂಥವರಿಗೆ!”

ಫೋನಿಟ್ಟಳು. ಅಂದೇ ಹಾಲಿನ ಉಸ್ತುವಾರಿ ನೋಡುವ ನೀರಜ್ ಅಂಕಲ್‌ಗೂ ತಿಪ್ಪಣ್ಣನ ಥೆರಪಿ ಸೆಂಟರಿಗೂ ದೂರು ಕೊಟ್ಟಳು. ವಿಚಾರಣೆ ಮುಗಿಯುವವರೆಗೆ ಕ್ಲಾಸ್ ಬಂದ್. ಸೆಂಟರಿನವರು ತಿಪ್ಪಣ್ಣನಿಗೆ ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡಿ ಎಂದರು.

ಒಳ್ಳೆಯದೇ ಮಾಡಿದೆ ಎಂದುಕೊಂಡು ಶ್ರಿಯಾ ದಿಂಬಿಗೆ ಮುಖ ಒತ್ತಿ ಅತ್ತಳು. ಒಳ್ಳೆಯದು ಮಾಡಿದವರು ಯಾಕೆ ಅಳಬೇಕು ಎಂದು ಅಮ್ಮ ಕೇಳಲಿಲ್ಲ.

*

ಕೆಲವು ವಾರ ಕಳೆದವು. ಚಳಿ ಬಂತು. ಸುಬ್ಬು ಸೋಫಾ ಬಿಟ್ಟು ಏಳಲಿಲ್ಲ, ಸ್ಟೇಷನ್‌ಗಳ ಹಾಡನ್ನೂ ಹಾಡಲಿಲ್ಲ. ಶ್ರಿಯಾ ಬಲವಂತ ಮಾಡಿ ವಾಕಿಂಗ್ ಕರೆದೊಯ್ಯಲು ಹೋದರೆ ಮನೆಯ ಮೂಲೆಗೆ ಹೋಗಿ ನಿಲ್ಲುತ್ತಿದ್ದ.

ಡಾಕ್ಟರ ಬಳಿ ಹೋಗುವ ದಿನ ಬಂತು. ನರ್ಸ್ ಬಿ.ಪಿ. ನೋಡಿ ಹುಬ್ಬೇರಿಸಿದಳು. ಮತ್ತೊಮ್ಮೆ ನೋಡಿದಳು. ಇನ್ನೂ ಏರಿತ್ತು.

“ದಿನಾ ವಾಕ್ ಮಾಡ್ತೀಯಾ ಸುಬ್ಬು?” ಎಂದು ಇಂಗ್ಲಿಷಿನಲ್ಲಿ ನಗುತ್ತ ಕೇಳಿದಳು.

“ಯೆಸ್!” ಎಂದ ಸುಬ್ಬು, ಅವಳಿಗಿಂತ ದೊಡ್ಡದಾಗಿ ನಗುತ್ತ.

“ತುಂಬಾ ದೂರ?”

“ಯೆಸ್!”

“ಈಜೋಕೂ ಹೋಗ್ತೀಯಾ?”

“ಯೆಸ್!”

ಶ್ರಿಯಾ ಬೆಚ್ಚಿಬಿದ್ದಳು. ವಾಕ್? ಈಜು? ಇವನು ಸೋಫಾದಿಂದ ಇಳಿದೇ ಇಲ್ಲ!

ಸುಬ್ಬು ಮೋಸ ಮಾಡುತ್ತಿರಲಿಲ್ಲ. ನರ್ಸಿನ ಮುಖವನ್ನೇ ನೋಡುತ್ತಿದ್ದ. ಅವಳಿಗೆ ಯಾವ ಉತ್ತರ ಬೇಕೋ ಅದನ್ನು ಕೊಡುತ್ತಿದ್ದ. ಕೊಟ್ಟು, ಅವಳು ಖುಷಿಪಡುವುದನ್ನು ನೋಡಿ ತಾನೂ ಖುಷಿಪಡುತ್ತಿದ್ದ.

ಮನೆಗೆ ಬಂದವಳೇ, ಕೋಟನ್ನೂ ಬಿಚ್ಚದೆ ತಮ್ಮನ ಎದುರು ಕುಳಿತಳು.

“ಸುಬ್ಬು... ನಾನು ನಿನ್ನ ಕೈಯಲ್ಲಿ ಭಾರ ಎತ್ತಿಸಿದ್ನಾ?”

“ಹೂಂ, ಅಕ್ಕಾ.”

“ನಾನು ನಿನ್ನ... ಹೊಡೆದ್ನಾ?”

ಅವನು ಅಕ್ಕನ ತುಂಬಿದ ಕಣ್ಣು ನೋಡಿ ಗಾಬರಿಯಾದ. ಏನು ಹೇಳಿದರೆ ಈ ಅಳು ನಿಲ್ಲುತ್ತದೋ ತಿಳಿಯದೆ, ತನಗೆ ಬರುವುದನ್ನೇ ಹೇಳಿದ. “ಹೂಂ.”

ಅಯ್ಯೋ!

ಆಫೀಸಿನಲ್ಲಿ ಯಾರಾದರೂ ರೋಗಿಯ ಬಾಯಿಗೆ ಹೀಗೆ ಉತ್ತರ ತುರುಕಿ ಪ್ರಶ್ನೆ ಕೇಳಿದ್ದರೆ, ಆ ರಿಪೋರ್ಟನ್ನು ಶ್ರಿಯಾ ಮುಖಕ್ಕೆ ಎಸೆಯುತ್ತಿದ್ದಳು. ತನ್ನ ತಮ್ಮನ ವಿಷಯದಲ್ಲಿ ತಾನೇ ಅದನ್ನು ಮಾಡಿದ್ದಳು. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಸುಬ್ಬು ಬರೀ ಹೂಂ ಅಂದಿದ್ದ.

ತಿಪ್ಪಣ್ಣ ಯಾಕೆ ಒಮ್ಮೆಯೂ ‘ದಣಿವಾಯ್ತಾ’ ಎಂದು ಕೇಳುತ್ತಿರಲಿಲ್ಲ ಎನ್ನುವುದು ಆಗ ಅರ್ಥವಾಯಿತು. ಅವತ್ತು ಅವನು ಹೇಳಲು ಹೊರಟು ನುಂಗಿಕೊಂಡಿದ್ದೂ ಇದನ್ನೇ. ಅಕ್ಕನಾದವಳಿಗೆ ‘ನಿಮ್ಮ ತಮ್ಮನ ಮಾತು ನಂಬಬೇಡಿ’ ಎಂದು ಹೇಗೆ ಹೇಳಿಯಾನು!

ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು. “ಸುಬ್ಬು, ಏನೂ ಹೇಳ್ಬೇಡ. ಕೈ ಕೆಂಪಾಗಿತ್ತಲ್ಲ, ಅವತ್ತು ಕ್ಲಾಸಲ್ಲಿ ಏನು ಮಾಡಿದೆ... ತೋರಿಸು.”

ಸುಬ್ಬುವಿನ ಮುಖ ಅರಳಿತು! ಅವನು ಎದ್ದು ಮೆಟ್ಟಿಲ ಬಳಿ ಹೋದ. ರೇಲಿಂಗ್ ಹಿಡಿದು ಹತ್ತಿದ. ಮೇಲೆ ನಿಂತು ಕೆಳಗೆ ನೋಡಿದ. ಹುಟ್ಟಿದಾಗಿನಿಂದ ಯಾರದೋ ತೋಳಿಗೆ ಜೋತುಬಿದ್ದು, ಇಲ್ಲವೇ ಕೂತು ಜಾರುತ್ತ ಇಳಿಯುತ್ತಿದ್ದವನು, ಎರಡೂ ಕೈಯಲ್ಲಿ ರೇಲಿಂಗ್ ಬಿಗಿಯಾಗಿ ಹಿಡಿದು, ಬೆರಳುಗಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ, ಒಂದು ಕಾಲು ಇಳಿಸಿದ. ಇನ್ನೊಂದು ಕಾಲನ್ನು ಪಕ್ಕಕ್ಕೆ ತಂದ. ಮತ್ತೆ ಒಂದು ಕಾಲು.

ಕೆಳಗೆ ಬಂದು, ಕೆಂಪಾದ ಅಂಗೈಗಳನ್ನು ಅಕ್ಕನ ಮುಂದೆ ಹಿಡಿದ.

“ಸರ್ಪ್ರೈಸ್! ಅಕ್ಕಂಗೆ ತೋರ್ಸೋಣ ಅಂದ್ರು ತಿಪ್ಪಣ್ಣ. ಆಮೇಲೆ ಕ್ಲಾಸೇ ಹೋಯ್ತು.”

ಶ್ರಿಯಾ ಆ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

*

ನೀರಜ್ ಅಂಕಲ್ ಫೋನಿನಲ್ಲಿ ನಿಟ್ಟುಸಿರಿಟ್ಟರು. “ಈಗ ಹೇಳ್ತಿದ್ದೀಯಲ್ಲಮ್ಮ. ಆ ಹುಡುಗ ಹೆಚ್-ಒನ್ ವೀಸಾ ಮೇಲಿದ್ದಾನೆ. ಕೆಲಸ ಹೋದ್ರೆ ದೇಶಾನೇ ಬಿಡ್ಬೇಕು. ಗೊತ್ತಿತ್ತಾ ನಿಂಗೆ?”

ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಅವಳು ಪ್ರಯತ್ನಿಸಿಯೂ ಇರಲಿಲ್ಲ.

ಮರುದಿನವೇ ಥೆರಪಿ ಸೆಂಟರಿಗೆ ಹೋಗಿ ಮ್ಯಾನೇಜರ್ ಎದುರು ಕುಳಿತು, ತಾನು ಕೇಳಿದ ಒಂದೊಂದು ಪ್ರಶ್ನೆಯನ್ನೂ ಒಪ್ಪಿಸಿದಳು. “ತಪ್ಪು ಅವರದ್ದಲ್ಲ, ನನ್ನದು” ಎಂದು ಸ್ಪಷ್ಟವಾಗಿ ಹೇಳಿದಳು. ಕ್ಲಾಸಿನ ಉಳಿದ ತಂದೆತಾಯಿಯರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು. ಕೆಲವರು ಪರವಾಗಿಲ್ಲ ಅಂದರು. ಒಬ್ಬ ತಾಯಿ, ಹಮೀದುನ್ನೀಸಾ ಆಂಟಿ, “ನನ್ನ ಮಗಳೂ ಅಷ್ಟು ವಾರ ಮನೇಲೇ ಕೂತಳಮ್ಮ” ಎಂದು ಫೋನಿಟ್ಟರು. ಆ ಮಾತು ಚುಚ್ಚಿದ್ದು ಹಾಗೇ ಉಳಿಯಿತು.

ತಿಪ್ಪಣ್ಣನಿಗೆ ಮಾತ್ರ ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಮೂರು ಸಲ ಬರೆದ ಮೆಸೇಜನ್ನು ಮೂರು ಸಲವೂ ಅಳಿಸಿದಳು.

ಸೆಂಟರಿನವರು ಅವನನ್ನು ಮತ್ತೆ ಕರೆಸಿಕೊಂಡರು. ಹೊರಗೆ ಹಿಮ ಬೀಳತೊಡಗಿದ್ದರಿಂದ ಕ್ಲಾಸ್ ಈಗ ವುಡ್‌ಬ್ರಿಡ್ಜ್‌ನ ಮಾಲಿಗೆ ಬದಲಾಗಿತ್ತು. ಅಂಗಡಿಗಳು ತೆರೆಯುವ ಮುಂಚೆ ಅಲ್ಲಿ ಬೆಚ್ಚಗೆ, ಗದ್ದಲವಿಲ್ಲದೆ, ಜಾರುವ ಭಯವಿಲ್ಲದೆ ನಡೆಯಬಹುದು. ನಡಿಗೆಗೆಂದೇ ಬರುವ ವಯಸ್ಸಾದವರ ನಡುವೆ ಸುಬ್ಬುವಿನ ಗುಂಪೂ ಸೇರಿಕೊಂಡಿತು.

ಆ ಶನಿವಾರ ಶ್ರಿಯಾ ತಮ್ಮನನ್ನು ಕರೆತಂದಳು. ತಿಪ್ಪಣ್ಣ ಅವಳ ಕಡೆ ತಲೆಯಾಡಿಸಿದ, ಅಷ್ಟೇ. ನಗಲಿಲ್ಲ.

*ಕ್ಷಮಿಸಿಲ್ಲ... ಯಾಕೆ ಕ್ಷಮಿಸ್ಬೇಕು?*

ಸುಬ್ಬು ಮೊದಲು ಕೈ ಕುಲುಕಿದ, ಆಮೇಲೆ ಅಪ್ಪಿಕೊಂಡ. ಗುಂಪು ಹಾಡುತ್ತ ಹೊರಟಿತು. ಒಂದು ಸುತ್ತು ಮುಗಿಸಿ ಮೇಲಿನ ಮಹಡಿಯ ಮೆಟ್ಟಿಲ ಬಳಿ ಬಂದರು. ಅಗಲವಾದ, ಹೊಳೆಯುವ, ಉದ್ದನೆಯ ಮೆಟ್ಟಿಲುಗಳು. ತಿಪ್ಪಣ್ಣ ಕೆಲವು ಮೆಟ್ಟಿಲು ಕೆಳಗಿಳಿದು, ಸುಬ್ಬುವಿನ ಎದುರಿಗೆ ತಿರುಗಿ ನಿಂತ. ಸುಬ್ಬು ಅಂಚಿಗೆ ಬಂದು ನಿಂತ.

ಶ್ರಿಯಾಳ ಕಾಲುಗಳು ತಾವಾಗಿಯೇ ಓಡಿದವು. “ಬೇಡ ಸುಬ್ಬು! ಲಿಫ್ಟ್‌ನಲ್ಲಿ ಹೋಗೋಣ ಬಾ!” ಎಂದು ಅವನ ತೋಳು ಹಿಡಿದಳು.

ಸುಬ್ಬು ಅಕ್ಕನ ಮುಖ ನೋಡಿದ. ಆ ಮುಖಕ್ಕೆ ಯಾವ ಉತ್ತರ ಬೇಕೆನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ‘ಹೂಂ’ ಅವನ ತುಟಿಯವರೆಗೂ ಬಂತು.

ಆಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

“ಬೇಡ ಅಕ್ಕಾ. ನಾನೇ ಇಳೀತೀನಿ.”

ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಸುಬ್ಬು ಅಕ್ಕನಿಗೆ ಬೇಡ ಅಂದಿದ್ದ!

ಶ್ರಿಯಾ ಬಾಯಿಗೆ ಕೈಯಿಟ್ಟುಕೊಂಡು ಹಿಂದೆ ಸರಿದಳು. ಅವನು ರೇಲಿಂಗ್ ಹಿಡಿದು ಇಳಿದ. ನಡುವೆ ಒಮ್ಮೆ ಹೆಜ್ಜೆ ತಪ್ಪಿದ ಹಾಗಾಯಿತು. ತಿಪ್ಪಣ್ಣ ತೋಳು ಚಾಚಿದ, ಆದರೆ ಮುಟ್ಟಲಿಲ್ಲ. ಸುಬ್ಬು ನಿಂತ, ಉಸಿರು ತೆಗೆದುಕೊಂಡ, ಮತ್ತೆ ಇಳಿದ. ಆಗಲೇ ಇಳಿದು ಕೆಳಗೆ ನಿಂತಿದ್ದ ಉಳಿದವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಪ್ಪಳವಾದೀತೆಂದು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು.

*

ಗುಂಪು ಇನ್ನೊಂದು ಸುತ್ತಿಗೆ ಹೊರಟಿತು, ಮುಂದೆ ಹಮೀದುನ್ನೀಸಾ ಆಂಟಿ. ತಿಪ್ಪಣ್ಣ ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕುಳಿತ. ಅಲ್ಲಿಂದ ಗುಂಪು ಪೂರ್ತಿ ಕಾಣುತ್ತಿತ್ತು. ಶ್ರಿಯಾ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು.

“ಸಾರಿ...” ಎಂದಳು. “ಆ ಮಾತು ಸಾಕಾಗಲ್ಲ ಅಂತ ಗೊತ್ತು. ನಿಮ್ಮ ಕೆಲಸ, ವೀಸಾ... ಎಲ್ಲಾ ಹೋಗ್ತಿತ್ತು. ನಾನು ನಿಮ್ಮನ್ನ ಏನೂ ಕೇಳ್ಲಿಲ್ಲ.”

“ಸಿಟ್ಟು ಬಂದಿತ್ರೀ” ಎಂದ ತಿಪ್ಪಣ್ಣ. “ಭಾಳ ಬಂದಿತ್ತು. ಬಟ್ಟೆ ಬರಿ ಕಟ್ಟಿ ಊರಿಗೆ ಹೋಗ್ಬಿಡ್ಲೇನು ಅನ್ಸಿತ್ತು.”

“ಮತ್ತೆ?”

“ಮತ್ತ... ನನಗ ತಮ್ಮ ಇದ್ದು, ಅವ ಯಾರನ್ನ ಕಂಡ್ರೂ ಅಪ್ಗೊಂಡು ನಿಂತಿದ್ರ, ನಾ ಹ್ಯಾಂಗ ಇರ್ತಿದ್ದೆ ಅಂತ ವಿಚಾರ ಮಾಡಿದೆ. ಅವನ ಪಾಲಿನ ಅನುಮಾನಾನೂ ನೀವಽ ಪಡ್ಬೇಕು. ಒಬ್ಬಾಕಿ ಇಬ್ಬರ ಕೆಲಸ ಮಾಡಿದ್ರ ದಣಿವು ಆಗಂಗಿಲ್ಲೇನು?”

ಶ್ರಿಯಾಳ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ಎಲ್ಲರೂ ಅವಳನ್ನು ಜಗಳಗಂಟಿ, ಅನುಮಾನದ ಪಿಶಾಚಿ ಎಂದಿದ್ದರು. ದಣಿದಿದ್ದಾಳೆಂದು ಯಾರೂ ಹೇಳಿರಲಿಲ್ಲ.

“ಒಂದು ಹೇಳ್ತೀನಿ” ಎಂದ ಅವನು, ನಡೆಯುವ ಗುಂಪಿನಿಂದ ಕಣ್ಣು ತೆಗೆಯದೆ. ಕಿವಿ ಮಾತ್ರ ಕೆಂಪಾಗಿತ್ತು. “ಸುಬ್ಬು ನಿಮ್ಮ ತಮ್ಮ ಅಂತ ಅವಂಗ ಕಲಿಸ್ಲಿಲ್ಲ. ನೀವು ಸುಬ್ಬುನ ಅಕ್ಕ ಅಂತ ನಿಮ್ಮನ್ನ... ಇಷ್ಟಪಡ್ಲಿಲ್ಲ. ಎರಡೂ ಬ್ಯಾರೆ ಬ್ಯಾರೆ. ಶನಿವಾರ ಆ ಹಿಂದಿನ ಕುರ್ಚಿ ಖಾಲಿ ಇದ್ರ ನನಗ ಕ್ಲಾಸ್ ತಗೊಳ್ಳಿಕ್ಕೆ ಮನಸ್ಸಽ ಬರ್ತಿರ್ಲಿಲ್ಲ. ನೀವು ಗುರಾಯಿಸ್ತಿದ್ರಿ, ಖರೇ. ಆದ್ರೂ ಇರ್ತಿದ್ರಿ.”

ಶ್ರಿಯಾಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಅವನಿಗೂ ಕೇಳಿಸೀತೆಂದು ಭಯವಾಯಿತು. ಸುಳ್ಳು ಹೇಳುತ್ತಿದ್ದಾನಾ ಎಂದು ಆ ಮುಖದಲ್ಲಿ ಹುಡುಕಿದಳು. ಹಳೆಯ ಅಭ್ಯಾಸ! ಹುಡುಕಿ ಹುಡುಕಿ ಸೋತಳು.

“ನಂಗೂ...” ಎಂದು ನಿಲ್ಲಿಸಿದಳು. ಒಂದು ದೊಡ್ಡ ಉಸಿರು ತೆಗೆದುಕೊಂಡು ಮುಗಿಸಿದಳು. “ನಂಗೂ ನೀವಂದ್ರೆ ಇಷ್ಟ. ತುಂಬಾ. ಆದ್ರೆ ತಿಪ್ಪಣ್ಣ, ನಾನು ಬದಲಾಗಲ್ಲ. ಯಾವತ್ತೋ ಒಂದಿನ ನೀವು ಲೇಟಾಗಿ ಬಂದ್ರೆ ಎಲ್ಲಿಗೆ ಹೋಗಿದ್ರಿ ಅಂತೀನಿ. ಫೋನ್ ಎತ್ತದಿದ್ರೆ ಏನೇನೋ ಅಂದ್ಕೋತೀನಿ. ಆಮೇಲೂ ಅನುಮಾನ ಪಡ್ತೀನಿ. ಈಗ್ಲೇ ಹೇಳಿದ್ದೀನಿ.”

“ಪಡ್ರಿ” ಎಂದ ತಿಪ್ಪಣ್ಣ. ಅಂದು ಮೊದಲ ಬಾರಿಗೆ ನಕ್ಕ. “ಮುಂಜಾನೆ ಪಡ್ರಿ, ಸಂಜಿಗೂ ಪಡ್ರಿ. ನನ್ನ ಬಾಜೂಕ ಕುಂತು ಪಡ್ರಿ.”

“ಅನುಮಾನ ಪಡೋಕೆ ಪಕ್ಕದಲ್ಲೇ ಕೂರ್ಬೇಕಾ?”

“ದೂರದಿಂದ ಸರಿಯಾಗಿ ಕಾಣಂಗಿಲ್ರೀ.”

ಶ್ರಿಯಾ ಅತ್ತಿತ್ತ ನೋಡಿದಳು. ಆಮೇಲೆ ಬೆಂಚಿನ ತುದಿಯಿಂದ ಸರಿದು ಬಂದು ಅವನ ಭುಜಕ್ಕೆ ಭುಜ ತಾಗಿಸಿ ಕುಳಿತಳು.

“ಈಗ ಕಾಣ್ತೀರಿ” ಎಂದಳು.